ಪ್ರಾಸವನ್ನು ತೊರೆದ ಮಂಜೇಶ್ವರದ ಕವಿ

ಕನ್ನಡ ಕಾವ್ಯದಲ್ಲಿ ಸಾವಿರ ವರ್ಷಗಳಿಗೂ ಮೇಲ್ಪಟ್ಟು ಒಂದು ಕಟ್ಟಳೆ ನಡೆದುಬಂದಿತ್ತು. ಪದ್ಯದ ಮೊದಲ ಸಾಲಿನ ಎರಡನೆಯ ಅಕ್ಷರ ಯಾವ ವ್ಯಂಜನವೋ, ಉಳಿದ ಸಾಲುಗಳ ಎರಡನೆಯ ಅಕ್ಷರವೂ ಅದೇ ವ್ಯಂಜನವಾಗಿರಬೇಕು. ಇದಕ್ಕೆ ಆದಿಪ್ರಾಸವೆಂದು ಹೆಸರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಪ್ರಾಸವನ್ನು ಎತ್ತಿಹಿಡಿಯಿತು. ಲಾಕ್ಷಣಿಕರು ಅದರಲ್ಲಿ ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಆರು ಬಗೆಗಳನ್ನು ಹೇಳಿದರು. ಪಂಪನಿಂದ ಲಕ್ಷ್ಮೀಶನವರೆಗೆ ಮಹಾಕವಿಗಳೆಲ್ಲರೂ ಅದಕ್ಕೆ ತಲೆಬಾಗಿದವರೇ. ಪ್ರಾಸವಿಲ್ಲದೆ ಪದ್ಯವಿಲ್ಲವೆಂಬುದು ಪಂಡಿತರಿಗೂ ಪಾಮರರಿಗೂ ಪ್ರಶ್ನೆಯೇ ಇಲ್ಲದ ಮಾತಾಗಿತ್ತು.

ಈ ಮಾತನ್ನು ಪ್ರಶ್ನಿಸಿ, 1911ರಲ್ಲಿ ಪ್ರಾಸವನ್ನು ಬುದ್ಧಿಪೂರ್ವಕವಾಗಿ ತೊರೆದು ಕವಿತೆ ಬರೆದವರು ಮಂಜೇಶ್ವರದ ಗೋವಿಂದ ಪೈಯವರು. ಆಗ ಅವರಿಗೆ ಇಪ್ಪತ್ತೆಂಟರ ಪ್ರಾಯ.

ಗೋವಿಂದ ಪೈಯವರು ಹುಟ್ಟಿದ್ದು 1883ನೆಯ ಇಸವಿ ಮಾರ್ಚ್ 23ರಂದು. ಮನೆಮಾತು ಕೊಂಕಣಿ, ಬೀದಿಯ ಮಾತು ತುಳು, ಗಡಿಯಾಚೆ ಮಲಯಾಳ, ಓದುಬರಹಕ್ಕೆ ಕನ್ನಡ. ಇಂಥ ನಾಲ್ಕು ನುಡಿಗಳ ಸಂಗಮದಲ್ಲಿ ಬೆಳೆದ ಹುಡುಗನಿಗೆ ಮಂಗಳೂರಿನಲ್ಲಿ ಪಂಜೆ ಮಂಗೇಶರಾಯರಂಥವರು ಗುರುಗಳಾಗಿ ದೊರೆತರು. ಮುಂದಿನ ಓದು ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ನಡೆಯಿತು. ಬಿ.ಎ. ಪರೀಕ್ಷೆಯ ಹೊತ್ತಿಗೆ ಸರಿಯಾಗಿ ತಂದೆಯವರ ಸ್ಥಿತಿ ಕೆಟ್ಟು ಅವರು ಊರಿಗೆ ಮರಳಬೇಕಾಯಿತು. ಬರೆದ ಇಂಗ್ಲಿಷ್ ಪತ್ರಿಕೆಗೆ ಚಿನ್ನದ ಪದಕ ಬಂದಿತು. ಪದವಿ ಮಾತ್ರ ಕೈಗೆ ಬರಲಿಲ್ಲ. ಹಿರಿಯ ಮಗನಾಗಿ ಮನೆಯ ಭಾರ ಹೊತ್ತ ಅವರು ಮಂಜೇಶ್ವರದಲ್ಲಿಯೇ ನೆಲೆಸಿದರು. ಕಾಲೇಜು ಬಿಟ್ಟರೂ ವಿದ್ಯಾರ್ಥಿತನವನ್ನು ಬಿಡಲಿಲ್ಲ. ಮೂಲವನ್ನೇ ಓದಬೇಕೆಂಬ ಹಟದಿಂದ ಸಂಸ್ಕೃತ, ಪಾಳಿ, ಬಂಗಾಳಿ, ಗ್ರೀಕ್ ಮೊದಲಾದ ಅನೇಕ ಭಾಷೆಗಳನ್ನು ಕಲಿತರು.

ಪ್ರಾಸದ ವಿಷಯಕ್ಕೆ ಮರಳೋಣ. ಪೈಯವರು ಪ್ರಾಸವನ್ನು ಬಿಟ್ಟುದು ಅದು ಕೈಗೆ ಎಟುಕದೆ ಅಲ್ಲ. ಹಳಗನ್ನಡ ಕಾವ್ಯಗಳನ್ನು ಆಳವಾಗಿ ಓದಿ, ತಾವೂ ಮೊದಲಲ್ಲಿ ಪ್ರಾಸವಿಟ್ಟೇ ಪದ್ಯ ಕಟ್ಟಿದವರು ಅವರು. ಪ್ರಾಸ ಒದಗಲೆಂದು ಕವಿ ಬೇಡದ ಪದವನ್ನು ತುರುಕುವುದೂ, ಬೇಕಾದ ಪದವನ್ನು ದೂರವಿಡುವುದೂ ಬರೆಯುವವನಿಗಲ್ಲದೆ ಬೇರೆಯವರಿಗೆ ಅಷ್ಟು ಚೆನ್ನಾಗಿ ತಿಳಿಯದು. ಸಂಸ್ಕೃತದ ಶ್ಲೋಕ ಈ ನಿಯಮವಿಲ್ಲದೆಯೇ ಶೋಭಿಸುತ್ತದೆ. ಇಂಗ್ಲಿಷಿನ ಮಹಾಕಾವ್ಯ ಪ್ರಾಸವನ್ನೇ ಬಿಟ್ಟು ಗಂಭೀರವಾಗಿ ನಡೆದಿದೆ. ಹಾಗಾದರೆ ಕನ್ನಡದ ಪದ್ಯಕ್ಕೆ ಜೀವವಾದುದು ಯಾವುದು, ಬರಿಯ ರೂಢಿಯಾದುದು ಯಾವುದು? ಜೀವವಾದುದು ಲಯ; ಆದುದರಿಂದ ಛಂದಸ್ಸನ್ನು ಅವರು ಕೈಬಿಡಲಿಲ್ಲ. ಮಾತ್ರೆಗಳ ಲೆಕ್ಕವನ್ನು ಬಿಗಿಯಾಗಿಯೇ ಉಳಿಸಿಕೊಂಡು ಪ್ರಾಸವೊಂದನ್ನು ಬಿಟ್ಟರು. ಈ ವಿವೇಚನೆಯೇ ಅವರ ದೊಡ್ಡತನ. ಹಳೆಯದೆಂದು ಎಲ್ಲವನ್ನೂ ಎಸೆಯುವುದು ಸುಲಭ, ಹಳೆಯದೆಂದು ಎಲ್ಲವನ್ನೂ ಅಪ್ಪಿಕೊಳ್ಳುವುದೂ ಸುಲಭ. ಒಂದೊಂದನ್ನೂ ಒರೆಗೆ ಹಚ್ಚಿ ನೋಡುವುದೇ ಕಷ್ಟ.

ಸಂಪ್ರದಾಯಸ್ಥರಿಗೆ ಇದು ರುಚಿಸಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಕಾಲ ಪೈಯವರ ಕಡೆಗಿತ್ತು. 1926ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಇಂಗ್ಲಿಷ್ ಗೀತಗಳು ಹೊರಬರುವ ಹೊತ್ತಿಗೆ ಹೊಸ ಕವಿತೆಗೆ ದಾರಿ ತೆರೆದಿತ್ತು. ಪೈಯವರ ಕವನ ಸಂಗ್ರಹ ಗಿಳಿವಿಂಡು 1930ರಲ್ಲಿ ಪ್ರಕಟವಾಯಿತು.

ರೂಪದಲ್ಲಿ ತೆರೆದ ಮನಸ್ಸು ವಸ್ತುವಿನಲ್ಲಿಯೂ ತೆರೆಯಿತು. ಸಾರಸ್ವತ ಮನೆತನದ ಈ ಕವಿ ಗೊಲ್ಗೊಥಾ ಎಂಬ ಖಂಡಕಾವ್ಯದಲ್ಲಿ ಯೇಸುವಿನ ಕಡೆಯ ದಿನವನ್ನೂ, ವೈಶಾಖಿಯಲ್ಲಿ ಬುದ್ಧನ ಕಡೆಯ ದಿನವನ್ನೂ ಚಿತ್ರಿಸಿದರು. ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದರು. ಸಂಶೋಧಕರಾಗಿ ತುಳುನಾಡಿನ ಇತಿಹಾಸವನ್ನೂ, ಕನ್ನಡ ಕವಿಗಳ ಕಾಲವನ್ನೂ, ಶ್ರವಣಬೆಳಗೊಳದ ಗೊಮ್ಮಟನ ಪ್ರತಿಷ್ಠೆಯ ಕಾಲವನ್ನೂ ಶೋಧಿಸಿದರು. ಅವರ ಶೈಲಿ ಕಠಿನವೆಂಬ ಆಕ್ಷೇಪಣೆಯೂ ಸುಳ್ಳಲ್ಲ. ಪ್ರಾಸದ ಕಟ್ಟನ್ನು ಬಿಚ್ಚಿದವರು ಹಳೆಯ ಪದಗಳ ಮೋಹವನ್ನು ಕಡೆಯವರೆಗೂ ಬಿಡಲಿಲ್ಲ. ಯಾವ ಮನುಷ್ಯನೂ ಎಲ್ಲ ದಿಕ್ಕಿನಲ್ಲಿಯೂ ಒಮ್ಮೆಗೇ ಬದಲಾಗಲಾರನಷ್ಟೆ.

1949ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಎಂಬ ಬಿರುದನ್ನಿತ್ತಿತು. 1951ರಲ್ಲಿ ಮುಂಬಯಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. ಆಗಿನ್ನೂ ಧಾರವಾಡ, ಬೆಳಗಾಂವಿ, ವಿಜಾಪುರ, ಕಾರವಾರಗಳು ಮುಂಬಯಿ ರಾಜ್ಯದಲ್ಲಿದ್ದವು. ಮಂಗಳೂರು, ಮಂಜೇಶ್ವರಗಳು ಮದರಾಸಿನಲ್ಲಿ.

ಐದು ವರ್ಷಗಳ ಮೇಲೆ, 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಅದೇ ದಿನ ಕಾಸರಗೋಡು ತಾಲೂಕಿನೊಡನೆ ಮಂಜೇಶ್ವರ ಕೇರಳಕ್ಕೆ ಸೇರಿತು. ನಾವು ದೀಪ ಹಚ್ಚುವ ಈ ರಾಜ್ಯೋತ್ಸವದ ದಿನವೇ ರಾಷ್ಟ್ರಕವಿ ತಮ್ಮ ಮನೆಯಲ್ಲಿ ಕುಳಿತಂತೆಯೇ ಹೊರನಾಡ ಕನ್ನಡಿಗರಾದರು. ಆ ನೋವು ಆ ನೆಲದ ಕನ್ನಡಿಗರೆಲ್ಲರ ನೋವು. ಅದನ್ನು ಸಣ್ಣದೆಂದು ಹೇಳಲಾಗದು. 1963ರ ಸೆಪ್ಟೆಂಬರ್ 6ರಂದು ಅವರು ಕಾಲವಾದರು. ಅವರ ಗ್ರಂಥಭಂಡಾರ ಉಡುಪಿಗೆ ಬಂದು, ಅಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರಕ್ಕೆ ತಳಹದಿಯಾಯಿತು.

ನಾಡಿನಿಂದ ದೂರವಿರುವ ನಮಗೆ ಈ ಬಾಳಿನಲ್ಲಿ ಕಲಿಯುವುದುಂಟು. ಪರಸ್ಥಳದಲ್ಲಿ ಕನ್ನಡವನ್ನು ಉಳಿಸಬೇಕೆಂಬ ಆತುರದಲ್ಲಿ ನಾವು ಊರು ಬಿಟ್ಟ ದಿನದ ಪದ್ಧತಿಗಳನ್ನೇ ಕನ್ನಡವೆಂದು ಭ್ರಮಿಸುತ್ತೇವೆ. ಮಕ್ಕಳ ನುಡಿಯಲ್ಲಿ ಬೇರೆ ಭಾಷೆಯ ಸೊಲ್ಲು ಬೆರೆತರೆ ನಿಟ್ಟುಸಿರಿಡುತ್ತೇವೆ. ಯಾವುದು ನಮ್ಮ ಲಯ, ಯಾವುದು ಬರಿಯ ಪ್ರಾಸ ಎಂದು ಮಂಜೇಶ್ವರದ ಕವಿಯಂತೆ ವಿಂಗಡಿಸಿ ನೋಡುವ ಧೈರ್ಯ ನಮಗೆ ಬರಲಿ. ಕೊಂಕಣಿಯ ಮನೆಯಲ್ಲಿ ಹುಟ್ಟಿ, ತುಳುವಿನ ನೆಲದಲ್ಲಿ ಬೆಳೆದು, ಮಲಯಾಳದ ರಾಜ್ಯಕ್ಕೆ ಸೇರಿಹೋದ ಗೋವಿಂದ ಪೈಯವರು ಕನ್ನಡದ ಕವಿಯಾಗಿಯೇ ಬಾಳಿದರಲ್ಲವೆ!