ಪೀಟರ್ ಗ್ರೀಸ್

ಯೋಹಾನ್ ಪೀಟರ್ ಗ್ರೀಸ್ (6 ಸೆಪ್ಟೆಂಬರ್ 1829 – 30 ಆಗಸ್ಟ್ 1888) ಜರ್ಮನಿಯಲ್ಲಿ ಜನಿಸಿ ಇಂಗ್ಲೆಂಡಿನಲ್ಲಿ ನೆಲೆಸಿದ ರಸಾಯನಶಾಸ್ತ್ರಜ್ಞರು. ಡೈಅಜೋ ಸಂಯುಕ್ತಗಳನ್ನು ಕಂಡುಹಿಡಿದ ಕೀರ್ತಿ ಇವರದು. ಅಜೋ ಬಣ್ಣಗಳ ಉದ್ಯಮಕ್ಕೆ ತಳಹದಿಯಾದ ಈ ಸಂಯುಕ್ತಗಳು, ವಿದ್ಯುತ್ ಹರಿಯುವ ಮೇಲ್ಮೈಗಳಿಗೆ ಅಣುಗಳನ್ನು ಕಸಿ ಮಾಡುವ ಇಂದಿನ ವಿಧಾನಕ್ಕೂ ಆಧಾರವಾಗಿವೆ.

ಜನನ ಮತ್ತು ಶಿಕ್ಷಣ

ಗ್ರೀಸ್ ಅವರು ಹೆಸ್ಸೆ ಪ್ರಾಂತ್ಯದ ಕಿರ್ಖ್‌ಹೋಸ್‌ಬಾಖ್ ಎಂಬ ಹಳ್ಳಿಯಲ್ಲಿ ಜನಿಸಿದರು. ಯೇನಾ ಮತ್ತು ಮಾರ್ಬರ್ಗ್ ವಿಶ್ವವಿದ್ಯಾಲಯಗಳಲ್ಲಿ ಓದಿದರು. ವಿದ್ಯಾರ್ಥಿ ದೆಸೆಯಲ್ಲಿ ಶಿಸ್ತು ತಪ್ಪಿದ ಕಾರಣ ಒಂದು ವರ್ಷ ಮಾರ್ಬರ್ಗ್‌ನಿಂದ ಹೊರಗುಳಿಯಬೇಕಾಯಿತು. ಮನೆಯ ಹಣ ಮುಗಿದಾಗ ಆಫನ್‌ಬಾಖ್‌ನ ರಾಸಾಯನಿಕ ಕಾರ್ಖಾನೆಯೊಂದನ್ನು ಸೇರಿದರು. 1857ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಮತ್ತೆ ಮಾರ್ಬರ್ಗ್‌ಗೆ ಮರಳಿದ ಅವರು ಹರ್ಮನ್ ಕೋಲ್ಬೆಯವರ ಪ್ರಯೋಗಾಲಯದಲ್ಲಿ ಶ್ರದ್ಧೆಯಿಂದ ಸಂಶೋಧನೆಗೆ ತೊಡಗಿದರು.

ಸಂಶೋಧನೆ

1858ರಲ್ಲಿ ಪಿಕ್ರಾಮಿಕ್ ಆಮ್ಲದೊಡನೆ ನೈಟ್ರಸ್ ಆಮ್ಲವನ್ನು ವರ್ತಿಸುವಂತೆ ಮಾಡಿ ಗ್ರೀಸ್ ಅವರು ಮೊದಲ ಡೈಅಜೋ ಸಂಯುಕ್ತವನ್ನು ಪಡೆದರು. ಅದೇ ವರ್ಷ ಹಾಫ್‌ಮನ್ ಅವರ ಆಹ್ವಾನದ ಮೇರೆಗೆ ಲಂಡನ್ನಿಗೆ ತೆರಳಿದರು. 1862ರಿಂದ ಕೊನೆಯವರೆಗೂ ಬರ್ಟನ್ ಪಟ್ಟಣದ ಆಲ್‌ಸಾಪ್ ಬಿಯರ್ ತಯಾರಿಕಾ ಸಂಸ್ಥೆಯಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದು, ಆ ಉದ್ಯೋಗದ ನಡುವೆಯೇ ಸಂಶೋಧನೆಯನ್ನು ಮುಂದುವರಿಸಿದರು. 1868ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. ನೈಟ್ರೈಟ್ ಪತ್ತೆಹಚ್ಚಲು 1879ರಲ್ಲಿ ಅವರು ಪ್ರಕಟಿಸಿದ ಬಣ್ಣದ ಪರೀಕ್ಷೆ ಇಂದಿಗೂ ಅವರ ಹೆಸರಿನಲ್ಲಿಯೇ ಬಳಕೆಯಲ್ಲಿದೆ.

ಡೈಅಜೋನಿಯಮ್ ಲವಣಗಳು ಅಸ್ಥಿರವಾದವು. ಬಿಸಿ ತಾಗಿದರೆ ನೈಟ್ರೋಜನ್ ಅನಿಲವನ್ನು ಬಿಟ್ಟು ವಿಘಟನೆಗೊಳ್ಳುತ್ತವೆ. ಒಣಗಿದಾಗ ಕೆಲವು ಸ್ಫೋಟಿಸುವುದೂ ಉಂಟು. ಪದವಿಪೂರ್ವ ತರಗತಿಯ ಪ್ರಯೋಗದಲ್ಲಿ ಅನಿಲೀನ್ ದ್ರಾವಣವನ್ನು ಮಂಜುಗಡ್ಡೆಯಲ್ಲಿಟ್ಟು 0–5 ಡಿಗ್ರಿ ಸೆಲ್ಸಿಯಸ್‌ಗೆ ತಣಿಸುವುದು ಇದೇ ಕಾರಣಕ್ಕೆ. ಬಳಿಕ ಬೀಟಾ-ನ್ಯಾಫ್ಥಾಲ್ ಬೆರೆಸಿದಾಗ ಕಿತ್ತಳೆಗೆಂಪು ಬಣ್ಣ ಮೂಡುತ್ತದೆ.

ಮೇಲ್ಮೈ ಕಸಿಯಲ್ಲಿ ಬಳಕೆ

ಬಹುಕಾಲ ತೊಡಕೆನಿಸಿದ್ದ ಈ ಅಸ್ಥಿರತೆಯೇ ಮುಂದೆ ಉಪಯುಕ್ತವಾಯಿತು. ಫ್ರಾನ್ಸಿನ ಜ್ಯಾಂ ಪ್ಯಾಂಸೋಂ, ಜ್ಯಾಂ-ಮಿಷೆಲ್ ಸವೇಯಾಂ ಮತ್ತು ಸಂಗಡಿಗರು 1992ರಲ್ಲಿ ಇಂಗಾಲದ ವಿದ್ಯುದ್ವಾರದ ಮೇಲೆ ಈ ಲವಣಗಳನ್ನು ಅಪಕರ್ಷಿಸಿದ ಕಾರ್ಯವನ್ನು ಪ್ರಕಟಿಸಿದರು. ವಿದ್ಯುದ್ವಾರದಿಂದ ಎಲೆಕ್ಟ್ರಾನ್ ಪಡೆದ ಅಣುವಿನಿಂದ ನೈಟ್ರೋಜನ್ ಕಳಚಿಕೊಳ್ಳುತ್ತದೆ; ಉಳಿದ ಅರೈಲ್ ರ್ಯಾಡಿಕಲ್ ಮೇಲ್ಮೈಯೊಡನೆ ಸಹವೇಲೆನ್ಸೀಯ ಬಂಧದಿಂದ ಬೆಸೆದುಕೊಳ್ಳುತ್ತದೆ. ಸುಲಭವಾಗಿ ತೊಳೆದುಹೋಗದ ಈ ಪದರಕ್ಕೆ ಕಿಣ್ವ ಮೊದಲಾದ ಜೈವಿಕ ಅಣುಗಳನ್ನು ಜೋಡಿಸಿ ಸಂವೇದಕಗಳನ್ನು ರೂಪಿಸಬಹುದು. ಸೂಕ್ಷ್ಮ ವಿದ್ಯುದ್ವಾರದ ತುದಿಯನ್ನು ಮೇಲ್ಮೈಯ ಸಮೀಪಕ್ಕೆ ತಂದು ಕ್ರಿಯೆಯನ್ನು ಬೇಕಾದ ಸ್ಥಳಕ್ಕಷ್ಟೇ ಸೀಮಿತಗೊಳಿಸಿದರೆ, ಅತಿ ಸಣ್ಣ ಚುಕ್ಕಿ, ಗೆರೆಗಳ ವಿನ್ಯಾಸವನ್ನೂ ಮೂಡಿಸಬಹುದು.

ನಿಧನ

1888ರ ಆಗಸ್ಟ್ 30ರಂದು ಇಂಗ್ಲೆಂಡಿನ ಬೋರ್ನ್‌ಮತ್‌ನಲ್ಲಿ ಗ್ರೀಸ್ ನಿಧನರಾದರು. ಆಗ ಅವರಿಗೆ 58 ವರ್ಷ ವಯಸ್ಸಾಗಿತ್ತು.