ಟಿ.ಎ. ಪೈ: ಪಿಗ್ಮಿ ಲೆಕ್ಕದಿಂದ ಬಿ-ಸ್ಕೂಲಿನವರೆಗೆ

ಯಲಹಂಕ ಸಮೀಪ, ಮಣಿಪಾಲ ವಿಶ್ವವಿದ್ಯಾಲಯದ ಬೆಂಗಳೂರು ಆವರಣದಲ್ಲಿರುವ ಬಿಸಿನೆಸ್ ಶಾಲೆಯಲ್ಲಿ ಎಂಬಿಎ ಸೀಟು ಬಯಸುವವರು ಕ್ಯಾಟ್, ಕ್ಸ್ಯಾಟ್, ಎನ್‌ಮ್ಯಾಟ್‌ಗಳಂಥ ಪರೀಕ್ಷೆ ಗೆದ್ದು, ಸಂದರ್ಶನವನ್ನೂ ದಾಟಿ ಬರಬೇಕು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ಒಂದೆರಡು ವರ್ಷ ದುಡಿದು ಮತ್ತೆ ಪುಸ್ತಕ ಹಿಡಿಯುವವರ ಕಣ್ಣು ಇಂಥ ಶಾಲೆಗಳ ಮೇಲೆಯೇ. ಆದರೆ ಟ್ಯಾಪ್ಮಿ ಎಂಬ ಚುಟುಕು ಹೆಸರಿನೊಳಗೆ ಅಡಗಿರುವ ಟಿ.ಎ. ಪೈ ಯಾರೆಂಬುದು ಹೊಸ ತಲೆಮಾರಿಗೆ ಅಷ್ಟಾಗಿ ತಿಳಿಯದು.

ತೋನ್ಸೆ ಅನಂತ ಪೈ ಜನಿಸಿದ್ದು 1922ರ ಜನವರಿ 17ರಂದು. ತಂದೆ ಉಪೇಂದ್ರ ಪೈ ಹಾಗೂ ಚಿಕ್ಕಪ್ಪ ಡಾ. ಟಿ.ಎಂ.ಎ. ಪೈ ಅವರು ವಾಮನ ಕುಡ್ವರೊಡಗೂಡಿ 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದಾಗ ಈ ಹುಡುಗನಿಗೆ ಮೂರು ವರ್ಷ. ಮುಂಬೈಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ವಾಣಿಜ್ಯ ಪದವಿ ಪಡೆದ ಪೈ, 1943ರಲ್ಲಿ ಅದೇ ಬ್ಯಾಂಕನ್ನು ಸೇರಿದರು. ದೇಶದಲ್ಲಿ ಐಐಎಂಗಳು ಹುಟ್ಟಲು ಇನ್ನೂ ಸುಮಾರು ಎರಡು ದಶಕ ಬಾಕಿಯಿತ್ತು. ಅವರಿಗೆ ಮ್ಯಾನೇಜ್‌ಮೆಂಟ್ ಪಾಠವಾದದ್ದು ಪಿಗ್ಮಿ ಠೇವಣಿಯ ಲೆಕ್ಕವೇ ಎನ್ನಬೇಕು. 1928ರಲ್ಲಿ ಆರಂಭವಾದ ಆ ಯೋಜನೆಯಡಿ ಏಜೆಂಟರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಮಹಿಳಾ ಸಿಬ್ಬಂದಿಯೇ ನಡೆಸುವ ಶಾಖೆಯನ್ನು ತೆರೆದದ್ದೂ ಇದೇ ಬ್ಯಾಂಕು.

ಆಮೇಲಿನ ಏರುಗತಿ ಬಲು ವೇಗದ್ದು. 1965ರಲ್ಲಿ ಭಾರತೀಯ ಆಹಾರ ನಿಗಮದ ಪ್ರಥಮ ಅಧ್ಯಕ್ಷ, 1970ರಲ್ಲಿ ಎಲ್‌ಐಸಿ ಅಧ್ಯಕ್ಷ, 1972ರಲ್ಲಿ ಪದ್ಮಭೂಷಣ ಮತ್ತು ಕೇಂದ್ರ ರೈಲ್ವೆ ಸಚಿವ ಸ್ಥಾನ, ಮರುವರ್ಷ ಭಾರಿ ಕೈಗಾರಿಕಾ ಖಾತೆ.

ಬೆಂಗಳೂರು ಐಐಎಂ ಕತೆ ಆರಂಭವಾಗುವುದು ಇಲ್ಲಿಂದಲೇ. ಅಹಮದಾಬಾದ್, ಕಲ್ಕತ್ತಾಗಳ ಯಶಸ್ಸನ್ನು ಕಂಡ ರವಿ ಮಥಾಯ್ ಸಮಿತಿ ಇನ್ನೆರಡು ಸಂಸ್ಥೆಗಳಿಗೆ ಶಿಫಾರಸು ಮಾಡಿತ್ತು. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐಗಳ ಊರಾದ ಬೆಂಗಳೂರಿಗೆ ಒಂದು ದಕ್ಕಿತು. ಪೈ ಅಧ್ಯಕ್ಷರಾದರು, ಎನ್.ಎಸ್. ರಾಮಸ್ವಾಮಿ ನಿರ್ದೇಶಕರಾದರು. 1973ರ ಅಕ್ಟೋಬರ್ 28ರಂದು ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದ ಸಂಸ್ಥೆಗೆ ಆಗ ಸ್ವಂತ ಸೂರಿರಲಿಲ್ಲ. ಲ್ಯಾಂಗ್‌ಫೋರ್ಡ್ ರಸ್ತೆಯ ಬಾಡಿಗೆ ಕಟ್ಟಡದಲ್ಲೇ ಕೆಲಸ ಶುರುವಾಯಿತು. ರಾಜ್ಯ ಸರ್ಕಾರ 100 ಎಕರೆ ಜಮೀನು ನೀಡಿತು. ಬಿ.ವಿ. ದೋಶಿ ವಿನ್ಯಾಸದ ಕಲ್ಲುಕಟ್ಟಡ ಬನ್ನೇರುಘಟ್ಟ ರಸ್ತೆಯಲ್ಲಿ ಎದ್ದದ್ದು ಬಳಿಕ. ಸಾರ್ವಜನಿಕ ಉದ್ದಿಮೆಗಳಿಗೆ ಸಮರ್ಥ ಆಡಳಿತಗಾರರನ್ನು ಒದಗಿಸುವುದು ಸಂಸ್ಥೆಯ ಮೂಲ ಉದ್ದೇಶವಾಗಿತ್ತು. ಪದವೀಧರರು ಮಾತ್ರ ಖಾಸಗಿ ಕಂಪನಿಗಳತ್ತ ಮುಖಮಾಡಿದರು. ಅವರನ್ನು ದೂರುವುದು ತರವಲ್ಲ. ಆ ಕಾರ್ಖಾನೆಗಳಲ್ಲಿ ಎಚ್‌ಎಂಟಿಯ ಗಡಿಯಾರ ಘಟಕಗಳೇ ಮುಂದೆ ಮುಚ್ಚಿಹೋದವು.

ಎಲೆಕ್ಟ್ರಾನಿಕ್ ಸಿಟಿಗೂ ಈ ಕೊಂಡಿ ಚಾಚಿದೆ. ಬೆಂಗಳೂರು ಐಐಎಂ ನಿರ್ದೇಶಕರಾಗಿದ್ದ ಜೆ. ಫಿಲಿಪ್ ಅವರು 1991ರಲ್ಲಿ ಸ್ಥಾಪಿಸಿದ ಕ್ಸೈಮ್ ಅಲ್ಲಿಯೇ ಇದೆ.

ಸರ್ಕಾರಿ ಸಂಸ್ಥೆಯೊಂದಕ್ಕೆ ಹೆಗಲು ಕೊಟ್ಟ ಪೈ, 1980ರಲ್ಲಿ ಮಣಿಪಾಲದಲ್ಲಿ ತಮ್ಮದೇ ಮ್ಯಾನೇಜ್‌ಮೆಂಟ್ ಸಂಸ್ಥೆಯನ್ನು ಹುಟ್ಟುಹಾಕಿದರು. ವಿದ್ಯಾರ್ಥಿಗಳ ಶುಲ್ಕದಿಂದಲೇ ಕಾಲೇಜು ನಡೆಸುವ ಮಾರ್ಗವನ್ನು ಚಿಕ್ಕಪ್ಪ 1953ರಲ್ಲೇ ವೈದ್ಯಕೀಯ ಕಾಲೇಜಿನ ಮೂಲಕ ತೋರಿದ್ದರು. ಹೊಸ ಸಂಸ್ಥೆ ಬೆಳೆಯುವುದನ್ನು ಕಾಣಲು ಪೈ ಉಳಿಯಲಿಲ್ಲ. 1981ರ ಮೇ 29ರಂದು, 59ನೆಯ ವಯಸ್ಸಿನಲ್ಲಿ ನಿಧನರಾದರು. ಸಂಸ್ಥೆ ಇಂದು ಅವರ ಹೆಸರಿನಲ್ಲಿದೆ. ಸಂತೆಯ ಆಟಗಳ ನೆಪದಲ್ಲಿ ಗ್ರಾಹಕರ ಮನವರಿಯುವ ಅಲ್ಲಿನ ವಿದ್ಯಾರ್ಥಿಗಳ 'ಬ್ರ್ಯಾಂಡ್ ಸ್ಕ್ಯಾನ್' ಮೇಳವನ್ನು ಕಂಡಿದ್ದರೆ, ಪಿಗ್ಮಿ ಏಜೆಂಟರ ಜೊತೆ ಬೆಳೆದ ಪೈ ಖಂಡಿತ ಮೆಚ್ಚುತ್ತಿದ್ದರು.

ಶುಲ್ಕದ ಪಟ್ಟಿ ಕಂಡಿದ್ದರೆ ಏನೆನ್ನುತ್ತಿದ್ದರೋ. ಬೆಂಗಳೂರು ಐಐಎಂನ ಎರಡು ವರ್ಷದ ಕೋರ್ಸಿಗೆ ಈಗ 20 ಲಕ್ಷ ರೂಪಾಯಿಗೂ ಮೀರಿ ತೆರಬೇಕು. ಸೀಟು ಸಿಕ್ಕ ಮಧ್ಯಮ ವರ್ಗದ ಹುಡುಗ ಹುಡುಗಿಯರು ಶಿಕ್ಷಣ ಸಾಲಕ್ಕೆ ಬ್ಯಾಂಕಿನ ಮೆಟ್ಟಿಲು ಹತ್ತುತ್ತಾರೆ. ಪೈ ಬೆಳೆಸಿದ ಸಿಂಡಿಕೇಟ್ ಬ್ಯಾಂಕು ಆ ಸಾಲಿನಲ್ಲಿಲ್ಲ; 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನೊಳಗೆ ವಿಲೀನವಾಯಿತು.