ಬ್ರಹ್ಮಾವರಕ್ಕೆ ‘ಸಿರಿಯನ್’ ಹೆಸರು ತಂದ ಬಿಷಪ್

ಉಡುಪಿ–ಕುಂದಾಪುರ ಬಸ್ಸಿನಲ್ಲಿ ಓಡಾಡುವ ನಮಗೆಲ್ಲ ಬ್ರಹ್ಮಾವರದ ಎಸ್.ಎಂ.ಎಸ್. ಕಾಲೇಜು ಗೊತ್ತು. ಪೂರ್ತಿ ಹೆಸರು ಸೇಂಟ್ ಮೇರೀಸ್ ಸಿರಿಯನ್ ಕಾಲೇಜು. ಇಲ್ಲಿನ ಕ್ರೈಸ್ತರ ಮನೆಮಾತು ಕೊಂಕಣಿ. ಹಾಗಿರುವಾಗ ಈ ‘ಸಿರಿಯನ್’ ಎಲ್ಲಿಂದ ಬಂತು? ಉತ್ತರ ಹುಡುಕಹೊರಟರೆ ಸಿಗುವವರು ಗೋವಾದ ಪಾದ್ರಿ ಅಂತೋನಿಯೊ ಫ್ರಾನ್ಸಿಸ್ಕೊ ಕ್ಸೇವಿಯರ್ ಅಲ್ವಾರಿಸ್.

1836ರ ಏಪ್ರಿಲ್ 29ರಂದು ಗೋವಾದ ವೆರ್ಣಾದಲ್ಲಿ ಹುಟ್ಟಿದ ಅಲ್ವಾರಿಸ್ ಕ್ಯಾಥೋಲಿಕ್ ಗುರುವಾದರು. ಆಗ ಬ್ರಿಟಿಷ್ ಭಾರತದ ಎಷ್ಟೋ ಚರ್ಚುಗಳು ಗೋವಾದ ಆರ್ಚ್‌ಬಿಷಪರ ಅಧೀನದಲ್ಲಿದ್ದವು. ಹಿಂದಿನ ಪೋಪರು ಪೋರ್ಚುಗಲ್ ದೊರೆಗೆ ಕೊಟ್ಟಿದ್ದ ‘ಪದ್ರುವಾದೊ’ ಹಕ್ಕೇ ಅದಕ್ಕೆ ಆಧಾರ. 1886ರಲ್ಲಿ ರೋಮ್ ಮತ್ತು ಪೋರ್ಚುಗಲ್ ನಡುವಿನ ಒಪ್ಪಂದ ಆ ಹಕ್ಕನ್ನು ಮೊಟಕುಗೊಳಿಸಿತು. ಬ್ರಹ್ಮಾವರದಲ್ಲಿ ಗೋವಾದ ನಂಟು ಬಿಡಲೊಪ್ಪದ ಕುಟುಂಬಗಳಿದ್ದವು. ಅಂಥವರ ಪರವಾಗಿ ಅಲ್ವಾರಿಸ್ ಡಾ. ಲಿಸ್ಬೋವಾ ಪಿಂಟೊ ಅವರ ಜೊತೆಗೂಡಿ ರೋಮಿಗೂ ಸರಕಾರಗಳಿಗೂ ಮೊರೆಯಿಟ್ಟರು. ಯಾರೂ ಕಿವಿಗೊಡಲಿಲ್ಲ.

ಆಗ ಅವರು ಕೇರಳದ ಮಲಂಕರ ಸಿರಿಯನ್ ಸಭೆಯ ಬಾಗಿಲು ತಟ್ಟಿದರು. 1889ರ ಜುಲೈ 28ರಂದು ಕೋಟ್ಟಯಂನ ಹಳೆ ಸೆಮಿನರಿಯಲ್ಲಿ ಅವರಿಗೆ ಬಿಷಪ್ ದೀಕ್ಷೆಯಾಯಿತು. ದೀಕ್ಷೆ ಕೊಟ್ಟವರಲ್ಲಿ, ಇಂದು ಸಂತರೆಂದು ಸಾವಿರಾರು ಯಾತ್ರಿಕರು ಅರಸಿ ಹೋಗುವ ಪರುಮಲದ ಮಾರ್ ಗ್ರೆಗೋರಿಯೋಸರೂ ಇದ್ದರು. ಅಲ್ವಾರಿಸ್ ಇನ್ನು ಮುಂದೆ ಮಾರ್ ಜೂಲಿಯಸ್. ಅವರ ಜನ ತಮ್ಮ ಲ್ಯಾಟಿನ್ ಕ್ರಮದ ಪೂಜಾವಿಧಿಯನ್ನೇ ಉಳಿಸಿಕೊಳ್ಳಲು ಸಿರಿಯನ್ ಸಭೆ ಒಪ್ಪಿತು. ಇಡೀ ಕಥೆಯಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಇದೇ. ಮನೆ ಬದಲಾದರೂ ಪ್ರಾರ್ಥನೆ ಬದಲಾಗಲಿಲ್ಲ.

ಬ್ರಹ್ಮಾವರದ ಜನರನ್ನು ದಿನದಿನವೂ ನೋಡಿಕೊಂಡವರು ಅವರ ಜೊತೆಗಾರ ಫಾದರ್ ನೊರೋನ್ಹಾ. ಅಲ್ವಾರಿಸ್ ಮಾತ್ರ ಗೋವಾಕ್ಕೆ ಮರಳಿ ಕಷ್ಟ ಮೈಮೇಲೆ ಎಳೆದುಕೊಂಡರು. ಪತ್ರಿಕೆ ನಡೆಸಿ ಚರ್ಚನ್ನೂ ಸರಕಾರವನ್ನೂ ಟೀಕಿಸಿದರು. ಪೊಲೀಸರು ಅವರನ್ನು ಬಂಧಿಸಿ, ಮೈಮೇಲಿನ ಬಿಷಪರ ನಿಲುವಂಗಿ ಕಳಚಿಸಿದರು. ಯಾವ ಪೋರ್ಚುಗಲ್ಲಿನ ಹಕ್ಕಿಗಾಗಿ ಹೋರಾಡಿ ತಮ್ಮ ಸಭೆಯನ್ನೇ ಕಳೆದುಕೊಂಡರೋ, ಅದೇ ಪೋರ್ಚುಗಲ್ಲಿನ ಪೊಲೀಸರು! ದೊರೆಯ ಹಕ್ಕಿಗಾಗಿ ಅಷ್ಟೊಂದು ಹೋರಾಡಬೇಕಿತ್ತೇ ಎಂದು ಇಂದು ನಾವು ಕೇಳಬಹುದು. ಆದರೆ ಆಮೇಲೆ ಪಣಜಿಯಲ್ಲಿ ಅವರು ಮಾಡಿದ ಕೆಲಸಕ್ಕೆ ಅಂಥ ಪ್ರಶ್ನೆ ಏಳುವುದಿಲ್ಲ. ನಿರ್ಗತಿಕರಿಗೆ ಆಶ್ರಯ ಕಟ್ಟಿ, ಅವರ ಊಟಕ್ಕಾಗಿ ತಾವೇ ಬೀದಿಯಲ್ಲಿ ಬೇಡಿದರು. ಕಾಲರಾ ಚಿಕಿತ್ಸೆಯ ಬಗ್ಗೆ ಪುಟ್ಟ ಪುಸ್ತಕ ಬರೆದರು.

1923ರ ಸೆಪ್ಟೆಂಬರ್ 23ರಂದು ರಿಬಂದರ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಪಣಜಿಯ ಸೇಂಟ್ ಇನೆಜ್ ಸ್ಮಶಾನದ ಒಂದು ಮೂಲೆಯಲ್ಲಿ, ಧಾರ್ಮಿಕ ವಿಧಿಗಳಿಲ್ಲದೆ ಮಣ್ಣಾದರು. ಎಷ್ಟೋ ವರ್ಷಗಳ ನಂತರ ಅವಶೇಷಗಳನ್ನು ರಿಬಂದರಿನ ಸೇಂಟ್ ಮೇರೀಸ್ ಆರ್ಥೊಡಾಕ್ಸ್ ಚರ್ಚಿಗೆ ತರಲಾಯಿತು.

ಬ್ರಹ್ಮಾವರದಲ್ಲಿ ಸೇಂಟ್ ಮೇರೀಸ್ ಆರ್ಥೊಡಾಕ್ಸ್ ಸಿರಿಯನ್ ಕೆಥೆಡ್ರಲ್ ನೋಡಬಯಸುವವರು ಹೆದ್ದಾರಿಯಲ್ಲೇ ಇಳಿದು ನಡೆದು ಹೋಗಬಹುದು. 1936ರಲ್ಲಿ ತೀರಿಕೊಂಡ ಫಾದರ್ ನೊರೋನ್ಹಾ ಅವರ ಸಮಾಧಿ ಅಲ್ಲಿದೆ. ಅಲ್ವಾರಿಸರ ಸಮಾಧಿ ನೋಡಲು ಗೋವಾಕ್ಕೇ ಹೋಗಬೇಕು. ಪಣಜಿಯಿಂದ ಹಳೆ ಗೋವಾದ ಸಂತ ಫ್ರಾನ್ಸಿಸ್ ಕ್ಸೇವಿಯರ್ ದರ್ಶನಕ್ಕೆ ಹೋಗುವ ದಾರಿಯಲ್ಲೇ ರಿಬಂದರ್ ಸಿಗುತ್ತದೆ.